ಊರಿಗೆ ಕೂಸಿನ ಹೆಸರು ಬಂತು, ಜೋಗುಳ ಹಾಡಿದ್ದು ಯಾರು?

ರಾತ್ರಿ ಲೈಟ್ ಆಫ್ ಮಾಡಿ, ಇಯರ್‌ಫೋನ್ ಹಾಕ್ಕೊಂಡು ಈ ಪಾಡ್‌ಕಾಸ್ಟ್ ಕೇಳೋರೇ ಜಾಸ್ತಿ ಅಂತ ಆ್ಯಪ್ ತೋರಿಸ್ತಾ ಇದೆ. ಹಾಗಾಗಿ ಇವತ್ತು ಮಲಗೋ ಹೊತ್ತಿನ ಚರಿತ್ರೆನೇ ಹೇಳೋಣ ಅಂತ. ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಜೋಗುಳದ ಚರಿತ್ರೆ. ಮಧ್ಯದಲ್ಲಿ ನಿದ್ದೆ ಬಂದ್ರೆ ನಂಗೇನೂ ಬೇಜಾರಿಲ್ಲ, ಈ ವಿಷಯಕ್ಕೆ ಅದು ಹೊಗಳಿಕೆನೇ.

ಮೊದಲು ಒಂದು ಕೂಸಿನ ಕಥೆ.

1774. ಅರಿಕುಠಾರ ಅನ್ನೋ ಊರು. ಅಲ್ಲಿನ ಅರಸು ಮನೆತನದಲ್ಲಿ ಒಂದು ಗಂಡುಮಗು ಹುಟ್ಟುತ್ತೆ. ಆ ಕಾಲದಲ್ಲಿ ಮೈಸೂರಿಗೆ ಒಡೆಯರು ಹೆಸರಿಗೆ ಮಾತ್ರ ರಾಜರು, ಅಧಿಕಾರವೆಲ್ಲ ಹೈದರಾಲಿ ಕೈಲಿ. 1776ರಲ್ಲಿ ಸಿಂಹಾಸನದಲ್ಲಿದ್ದ ಒಡೆಯರು ಮಕ್ಕಳಿಲ್ಲದೆ ತೀರಿಕೊಂಡ್ರು. ಮುಂದಿನ ರಾಜ ಯಾರು? ಹೈದರ್ ರಾಜಬಂಧುಗಳ ಮಕ್ಕಳನ್ನೆಲ್ಲ ಒಂದು ಕೋಣೆಗೆ ಕರೆಸಿ, ಆಟದ ಸಾಮಾನು, ಹಣ್ಣು, ಮಿಠಾಯಿ ಹರಡಿಸಿದ್ನಂತೆ. ಬೇರೆ ಮಕ್ಕಳು ಅದರ ಹಿಂದೆ ಹೋದ್ವು. ಅರಿಕುಠಾರದ ಈ ಕೂಸು ಮಾತ್ರ ಒಂದು ಕೈಯಲ್ಲಿ ಹೊಳೆಯೋ ಕಠಾರಿ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು ಹಿಡ್ಕೊಂಡ್ತು. ಇವನೇ ರಾಜ ಅಂದ ಹೈದರ್. ಈ ಕಥೆಯನ್ನ ಬರೆದಿಟ್ಟಿರೋದು ಮೈಸೂರಿನ ಚರಿತ್ರೆ ಬರೆದ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್. ಎಷ್ಟು ನಿಜವೋ, ಎಷ್ಟು ಒಗ್ಗರಣೆಯೋ! ಎರಡು ವರ್ಷದ ಕೂಸು ಹೊಳೆಯೋದನ್ನೆಲ್ಲ ಹಿಡಿಯುತ್ತೆ ಅಂತ ನಮ್ಮನೆ ಸ್ಟೀಲ್ ಚಮಚಗಳೂ ಹೇಳ್ತವೆ.

ಆ ಕೂಸು ರಾಜ ಆಯ್ತು, ಆದ್ರೆ ಆಳಲಿಲ್ಲ. 1796ರಲ್ಲಿ, ಇಪ್ಪತ್ತೆರಡನೇ ವಯಸ್ಸಿಗೇ ಸಿಡುಬು ಬಂದು ಸತ್ತುಹೋದ. ಅವನ ಮಗನೇ ಮುಮ್ಮಡಿ ಕೃಷ್ಣರಾಜ ಒಡೆಯರ್. ಅಪ್ಪ ಸತ್ತಾಗ ಮಗನಿಗೆ ಎರಡು ವರ್ಷ. ದೊಡ್ಡವನಾದ ಮೇಲೆ ಅಪ್ಪ ಹುಟ್ಟಿದ ಊರು ಇದು ಅಂತ ಗೊತ್ತಾಗಿ, 1818ರಲ್ಲಿ ಅರಿಕುಠಾರಕ್ಕೆ ಚಾಮರಾಜನಗರ ಅಂತ ಹೆಸರಿಟ್ಟ. 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದ. ಅಪ್ಪ ಹುಟ್ಟಿದ ನೆನಪಿಗೆ ಜನನ ಮಂಟಪ ಇವತ್ತಿಗೂ ಊರಲ್ಲಿದೆ. ಯುದ್ಧ ಗೆದ್ದಿದ್ದಕ್ಕೆ ಊರಿಗೆ ಹೆಸರು ಬಂದಿರೋದು ಕೇಳಿದ್ದೀವಿ. ಇಲ್ಲಿ ಒಂದು ಕೂಸು ಹುಟ್ಟಿದ್ದಕ್ಕೆ ಹೆಸರು ಬಂದಿದೆ. ಜಿಲ್ಲಾಧಿಕಾರಿ ಕಚೇರಿಯಿಂದ ಕೆಎಸ್‌ಆರ್‌ಟಿಸಿ ಬೋರ್ಡ್‌ವರೆಗೆ ನಾವು ದಿನಾ ಓದ್ತಿರೋದು ಒಂದು ತೊಟ್ಟಿಲಿನ ಹೆಸರು.

ನನ್ನ ಪ್ರಶ್ನೆ ಸಣ್ಣದು. ಆ ಕೂಸನ್ನ ಮಲಗಿಸ್ತಿದ್ದವರು ಯಾರು? ಏನು ಹಾಡ್ತಿದ್ರು? ಮಂಟಪದಲ್ಲಿ ಅದಿಲ್ಲ.

ರಾಜಮನೆತನದ ಜೋಗುಳ ಉಳಿದೇ ಇಲ್ಲ ಅಂತ ಅಲ್ಲ. ಗುಂಡ್ಲುಪೇಟೆಯಿಂದ ಒಂದು ರಸ್ತೆ ಮೂಲೆಹೊಳೆ ದಾಟಿ ಕೇರಳಕ್ಕೆ, ಇನ್ನೊಂದು ಬಂಡೀಪುರ ದಾಟಿ ತಮಿಳುನಾಡಿಗೆ ಹೋಗುತ್ತೆ ಅಲ್ವಾ? ಆ ಕೇರಳದ ಇನ್ನೊಂದು ತುದಿ ತಿರುವಾಂಕೂರು. ಅಲ್ಲಿ 1813ರಲ್ಲಿ ಸ್ವಾತಿ ತಿರುನಾಳ್ ಹುಟ್ಟಿದಾಗ ಆಸ್ಥಾನ ಕವಿ ಇರಯಿಮ್ಮನ್ ತಂಪಿ ಒಂದು ಜೋಗುಳ ಬರೆದ್ರು. ಇವತ್ತಿಗೂ ಮಲಯಾಳಿಗಳ ಮನೆಮನೆಯಲ್ಲಿ ಅದು ಇದೆ. ತಮಿಳಲ್ಲಿ ಪೆರಿಯಾಳ್ವಾರ್ ಸಾವಿರ ವರ್ಷಕ್ಕೂ ಹಿಂದೆ ಕೃಷ್ಣನಿಗೆ ಜೋಗುಳ ಹಾಡಿದ್ದಾರೆ. ನಮ್ಮಲ್ಲಿ ಪುರಂದರದಾಸರು ರಂಗನನ್ನ ತೊಟ್ಟಿಲಲ್ಲಿಟ್ಟು ತೂಗಿಸಿದ್ದು ಎಲ್ಲರಿಗೂ ಗೊತ್ತು. ಗಮನಿಸಿ: ಹೆಸರು ಉಳಿದಿರೋ ಜೋಗುಳಗಳಲ್ಲಿ ತೊಟ್ಟಿಲಲ್ಲಿ ಇರೋದು ರಾಜ ಇಲ್ಲಾ ದೇವರು, ಬರೆದೋರು ಗಂಡಸರು. ಹಾಡು ಒಳ್ಳೇದೇ, ನಾನು ಜಗಳಕ್ಕೆ ಬಂದಿಲ್ಲ. ಆದ್ರೆ ದಿನಾ ರಾತ್ರಿ ಕೂತು ಕೂಸು ಮಲಗಿಸಿದೋರು ಇವರಲ್ಲ.

ಒಂದು ಚಿಕ್ಕ ಪದದ ವಿಷಯ. ತಮಿಳಲ್ಲಿ ಜೋಗುಳಕ್ಕೆ ತಾಲಾಟ್ಟು ಅಂತಾರೆ. ತಾಲ್ ಅಂದ್ರೆ ನಾಲಿಗೆ, ಆಟ್ಟು ಅಂದ್ರೆ ಆಡಿಸೋದು. ಅಂದ್ರೆ ಅರ್ಥ ಇರೋ ಪದ ಬರೋಕೆ ಮುಂಚೆ ನಾಲಿಗೆ ಉರುಳಿಸೋ ಸದ್ದೇ ಜೋಗುಳ. ನಮ್ಮ ಜೋ ಜೋ, ಲಾಲಿ ಲಾಲಿ ಕೂಡ ಅಂಥದ್ದೇ. ಗಡಿ ಊರಲ್ಲಿ ಬೆಳೆದೋರಿಗೆ ಇದು ಗೊತ್ತಿರುತ್ತೆ. ಪಕ್ಕದ ಮನೆ ತಮಿಳು ಅಮ್ಮ ತೂಗಿದ್ರೂ ಕನ್ನಡದ ಕೂಸು ಮಲಗುತ್ತೆ.

ಇದಕ್ಕೆ ಪ್ರಯೋಗದ ಬೆಂಬಲವೂ ಇದೆ. 2020ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನೆಯಲ್ಲಿ ಅಮೆರಿಕದ ಕೂಸುಗಳಿಗೆ ಅವು ಯಾವತ್ತೂ ಕೇಳದ ಭಾಷೆಗಳ ಜೋಗುಳ ಕೇಳಿಸಿದ್ರು. ಜೋಗುಳ ಅಲ್ಲದ ಹಾಡುಗಳಿಗಿಂತ ಜೋಗುಳ ಕೇಳುವಾಗ ಕೂಸುಗಳ ಎದೆಬಡಿತ ಹೆಚ್ಚು ನಿಧಾನ ಆಯ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಕೂಸಿಗೆ ಪದ ಬೇಕಾಗೇ ಇಲ್ಲ ಅಂದ್ರೆ, ಜೋಗುಳದಲ್ಲಿ ಅಷ್ಟೊಂದು ಪದ ಯಾಕಿದೆ? ಅಣ್ಣ ಬರ್ತಾನೆ, ತವರಿನ ಬಾಗಿಲು, ಅತ್ತೆಯ ಮಾತು, ಮಳೆ ಇಲ್ಲದ ವರ್ಷ, ಇದೆಲ್ಲ ಯಾರಿಗೆ ಹೇಳ್ತಿರೋದು? ಮೂರು ತಿಂಗಳ ಕೂಸಿಗಂತೂ ಅಲ್ಲ. ನನ್ನ ಲೆಕ್ಕದಲ್ಲಿ, ಜೋಗುಳದ ಸದ್ದು ಕೂಸಿಗೆ, ಪದಗಳು ಹಾಡೋಳಿಗೆ.

ಲೆಕ್ಕ ಅಂದ ಮೇಲೆ ಇನ್ನೊಂದು ಲೆಕ್ಕ. ನಾನು ಓದಿದ್ದು ಬಿ.ಕಾಂ. ಆದ್ರೂ ಹೈಸ್ಕೂಲಿನ ಲೋಲಕದ ಪಾಠ ಮರೆತಿಲ್ಲ. ಲೋಲಕ ಒಂದು ಸಲ ಹೋಗಿ ಬರೋ ಹೊತ್ತು ತೂಕದ ಮೇಲೆ ಅಲ್ಲ, ಹಗ್ಗದ ಉದ್ದದ ಮೇಲೆ ನಿಂತಿರುತ್ತೆ. ಒಂದು ಮೀಟರ್ ಹಗ್ಗಕ್ಕೆ ಸುಮಾರು 2 ಸೆಕೆಂಡ್. ಎರಡು ಮೀಟರಿಗೆ 2.8. ಮೂರು ಮೀಟರಿಗೆ 3.5 ಹತ್ತಿರ. ನಮ್ಮ ಕಡೆ ಮನೆಯೊಳಗೆ ತೊಲೆಗೆ ಸೀರೆ ಕಟ್ಟಿ ಜೋಲಿ ಮಾಡ್ತಾರೆ, ಹೊಲದಲ್ಲಿ ಮರದ ಕೊಂಬೆಗೆ ಕಟ್ತಾರೆ. ಕೊಂಬೆ ಎತ್ತರ, ಹಗ್ಗ ಉದ್ದ, ತೂಗು ನಿಧಾನ. ಹಾಡೋಳು ಕೈಯ ಲಯಕ್ಕೇ ಹಾಡೋದ್ರಿಂದ, ಅದೇ ಪದ ಮನೆಯೊಳಗೆ ಬೇಗ ಬೇಗ, ಮರದಡಿ ಎಳೆದು ಎಳೆದು ಬರುತ್ತೆ. ತಾಳ ಹಾಕೋದು ಹಗ್ಗ. ಕೂಸು ದಪ್ಪನಾದ್ರೂ ಅಷ್ಟೇ, ಸಣಕಲಾದ್ರೂ ಅಷ್ಟೇ.

ಗುಂಡ್ಲುಪೇಟೆ ರಸ್ತೆಯಲ್ಲಿ ಚೆಂಡುಹೂವು, ಸೂರ್ಯಕಾಂತಿ ಹೊಲಗಳ ಮುಂದೆ ಓಣಂ ಹೊತ್ತಿಗೆ ಕಾರು ನಿಲ್ಲಿಸಿ ಸೆಲ್ಫಿ ತಗೊಳ್ಳೋರನ್ನ ನೋಡಿರ್ತೀರಿ. ಫೋಟೋದಲ್ಲಿ ಹಳದಿ ಕಾಣುತ್ತೆ. ಬದುವಿನ ಮರದಲ್ಲಿ ನೇತಾಡ್ತಿರೋ ಸೀರೆ ಗಂಟು ಕಾಣಲ್ಲ. ಹೂ ಬಿಡಿಸೋ ಹೆಂಗಸು ಸಾಲಿನಿಂದ ಸಾಲಿಗೆ ಹೋಗ್ತಾ, ಒಂದೊಂದು ಸಲ ಬಂದು ಜೋಲಿಗೆ ಒಂದು ತಳ್ಳು ತಳ್ಳಿ, ಹಾಡ್ಕೊಂಡೇ ವಾಪಸ್ ಹೋಗ್ತಾಳೆ. ಕೂಸಿಗೆ ಅಮ್ಮ ಕಾಣ್ತಿಲ್ಲ, ದನಿ ಕೇಳ್ತಿದೆ ಅಷ್ಟೇ. ಹಾಗೆ ನೋಡಿದ್ರೆ ಜೋಗುಳ ಮಲಗೋ ಹೊತ್ತಿನ ಹಾಡು ಅನ್ನೋದೇ ಅರ್ಧ ಸತ್ಯ. ಕೂಲಿ ಹೊತ್ತಲ್ಲಿ ಅದು ‘ಇಲ್ಲೇ ಇದೀನಿ’ ಅನ್ನೋ ಸುದ್ದಿ.

ಈಗ ದಾಖಲೆ ವಿಷಯಕ್ಕೆ ಬರೋಣ. ಚಾಮರಾಜನಗರ ಜಿಲ್ಲೆ ಜಾನಪದದಲ್ಲಿ ಬಡ ಜಿಲ್ಲೆ ಅಲ್ಲವೇ ಅಲ್ಲ. ಕಂಸಾಳೆ ಹಿಡಿದ ದೇವರಗುಡ್ಡರು ಮಾದಪ್ಪನ ಕಥೆಯನ್ನ, ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿ ಕಥೆಯನ್ನ ಬೆಳಗಾಗೋವರೆಗೂ ಹಾಡ್ತಾರೆ. ವಿದ್ವಾಂಸರು ಬಂದ್ರು, ಟೇಪ್ ರೆಕಾರ್ಡರ್ ತಂದ್ರು, ದಪ್ಪ ದಪ್ಪ ಸಂಪುಟ ತಂದ್ರು. ಆಗಲೇಬೇಕಾದ ಕೆಲಸ ಅದು. ಆದ್ರೆ ಆ ಕಥೆ ಹಾಡೋರು ಹೆಚ್ಚಾಗಿ ಗಂಡಸರು. ಕೇಳೋಕೆ ಜನ ಇರ್ತಾರೆ, ದೀಪ ಇರುತ್ತೆ, ಹಾಡಿದೋರಿಗೆ ಕಾಣಿಕೆ ಇರುತ್ತೆ. ಜೋಗುಳಕ್ಕೆ ಇರೋ ಒಬ್ಬನೇ ಕೇಳುಗ ನಿದ್ದೆಗೆ ಜಾರ್ತಾ ಇರ್ತಾನೆ. ಹಾಡು ಚೆನ್ನಾಗಿದ್ದಷ್ಟೂ ಕೇಳೋರು ಇಲ್ಲದಂಗೆ ಆಗುತ್ತೆ! ಇಂಥ ಕಲೆಯನ್ನ ಯಾರು ಬರ್ಕೋತಾರೆ?

ಬರ್ಕೊಂಡೋರು ಕೆಲವರು ಇದ್ದಾರೆ. 1871ರಲ್ಲಿ ಚಾರ್ಲ್ಸ್ ಗೋವರ್ ದಕ್ಷಿಣ ಭಾರತದ ಜನಪದ ಹಾಡುಗಳ ಬಗ್ಗೆ ಇಂಗ್ಲಿಷ್ ಪುಸ್ತಕ ತಂದ, ಅದರ ಕನ್ನಡ ಭಾಗದಲ್ಲಿ ಹೆಚ್ಚಾಗಿರೋದು ದಾಸರ ಪದಗಳೇ. ಹೆಂಗಸರ ಹಾಡನ್ನ ಹೆಂಗಸರ ಹಾಡು ಅಂತಲೇ ಕರೆದು ಪುಸ್ತಕ ಮಾಡಿದ್ದು 1931ರಲ್ಲಿ, ವಿಜಯಪುರ ಕಡೆಯ ಹಲಸಂಗಿಯ ಗೆಳೆಯರು: ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು. ‘ಗರತಿಯ ಹಾಡು’ ಅಂತ. ಕನ್ನಡಕ್ಕೆ ಅದು ದೊಡ್ಡ ಉಪಕಾರ. ಆದ್ರೂ ಸಂಗ್ರಹಿಸಿದವರ ಹೆಸರು ನಮಗೆ ಗೊತ್ತು, ಹಾಡಿದವಳು ‘ಗರತಿ’ ಆಗಿ ಉಳಿದಳು. 

ನಮ್ಮ ಭಾಗದಲ್ಲಿ ಹೆಸರು ಉಳಿಸ್ಕೊಂಡ ಹೆಣ್ಣು ಒಬ್ಬಳಿದ್ದಾಳೆ. ಸಂಚಿ ಹೊನ್ನಮ್ಮ. ಯಳಂದೂರಿನವಳು ಅಂತ ಸಾಹಿತ್ಯ ಚರಿತ್ರೆಗಳು ಹೇಳ್ತವೆ. ಹದಿನೇಳನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿಯೋ ಕೆಲಸ. ಅದೇ ಕೆಲಸದಲ್ಲಿದ್ದು ‘ಹದಿಬದೆಯ ಧರ್ಮ’ ಅನ್ನೋ ಕಾವ್ಯ ಬರೆದಳು. ಹೆಣ್ಣನ್ನು ಕೀಳಾಗಿ ನೋಡೋರನ್ನ ಅದರಲ್ಲೇ ತರಾಟೆಗೂ ತಗೊಂಡಳು. ಅಕ್ಷರ ಗೊತ್ತಿತ್ತು, ರಾಜನ ಆಸರೆ ಇತ್ತು, ಹೆಸರು ಉಳೀತು. ಅದೇ ಅರಮನೆಯಲ್ಲಿ ಕೂಸು ತೂಗಿದ ಆಳುಮಕ್ಕಳಿಗೆ ಎರಡೂ ಇರಲಿಲ್ಲ.

ಸ್ಪೇನಿನ ಕವಿ ಲೋರ್ಕಾ 1928ರಲ್ಲಿ ಮ್ಯಾಡ್ರಿಡ್‌ನಲ್ಲಿ ಜೋಗುಳದ ಮೇಲೇ ಒಂದು ಭಾಷಣ ಮಾಡಿದ್ದ. ನಮ್ಮ ದೇಶದ ಜೋಗುಳ ಯಾಕೆ ಇಷ್ಟು ದುಃಖದ್ದು ಅಂತ ಅವನ ಪ್ರಶ್ನೆ. ಶ್ರೀಮಂತರ ಮನೆ ಕೂಸಿಗೂ ಹಾಡೋದು ಬಡವರ ಮನೆಯಿಂದ ಬಂದ ದಾದಿ, ಅವಳ ಜೊತೆ ಅವಳ ಕಷ್ಟವೂ ತೊಟ್ಟಿಲಿಗೆ ಬರುತ್ತೆ ಅಂದ. ಅರಿಕುಠಾರದ ಕೂಸಿನ ತೊಟ್ಟಿಲ ಪಕ್ಕದಲ್ಲೂ ಅಂಥವಳೊಬ್ಬಳು ಇದ್ದಿರಬೇಕು ಅಂತ ನಂಗೆ ಅನ್ಸುತ್ತೆ.

ದುಃಖದ ಜೊತೆ ಬೆದರಿಕೆಯೂ ಇದೆ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಬ್ಯಾಬಿಲೋನಿಯಾದ ಒಂದು ಮಣ್ಣಿನ ಹಲಗೆ ಮೇಲೆ ಜೋಗುಳ ಸಿಕ್ಕಿದೆ. ಅದರಲ್ಲಿ ಕೂಸಿಗೆ ಹೇಳೋದು, ನಿನ್ನ ಅಳುವಿಂದ ಮನೆದೇವರ ನಿದ್ದೆ ಕೆಟ್ಟಿದೆ ಅಂತ. ನಮ್ಮಲ್ಲಿ ಗುಮ್ಮ. ಪುರಂದರದಾಸರ ಪದದಲ್ಲಿ ಸಾಕ್ಷಾತ್ ಕೃಷ್ಣನೇ ಗುಮ್ಮನಿಗೆ ಹೆದರಿ ಅಮ್ಮನ ಹತ್ರ ಬೇಡ್ಕೋತಾನೆ. ನಾನು ಹುಟ್ಟಿದ ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಗುಮ್ಮನಿಗೆ ಮೀಸೆ ಬಂದಿತ್ತು. ‘ಮಲಗ್ದೆ ಇದ್ರೆ ವೀರಪ್ಪನ್ ಬತ್ತನೆ.’ 2000ದ ಜುಲೈಯಲ್ಲಿ ಪಕ್ಕದ ಗಾಜನೂರಿಂದ ಡಾ. ರಾಜ್‌ಕುಮಾರ್ ಅವರನ್ನೇ ಅಪಹರಿಸಿದ ಮೇಲೆ ಈ ಬೆದರಿಕೆಗೆ ದೊಡ್ಡವರೂ ನಗ್ತಿರಲಿಲ್ಲ.

ಆದ್ರೆ ಇದಕ್ಕಿಂತ ದೊಡ್ಡ ಭಯ ಒಂದಿತ್ತು, ಅದಕ್ಕೆ ಮೀಸೆ ಇರಲಿಲ್ಲ. 1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಒಂದು ವರ್ಷ ತುಂಬೋದ್ರೊಳಗೆ ಸಾಯ್ತಿದ್ವು. ಎಂಟಕ್ಕೆ ಒಂದು. 2020ರ ಹೊತ್ತಿಗೆ ಅದು 28. ಅಂದ್ರೆ ನಮ್ಮ ಅಜ್ಜಿಯರ ಪೀಳಿಗೆಯಲ್ಲಿ, ಮಲಗಿಸಿದ ಕೂಸು ಬೆಳಗ್ಗೆ ಏಳುತ್ತೆ ಅನ್ನೋದು ಖಾತ್ರಿ ಮಾತಾಗಿರಲಿಲ್ಲ. ಅದಕ್ಕೇ ಕೂಸಿಗೆ ಗುಂಡ, ಕಲ್ಲ, ತಿಪ್ಪ ಅಂತ ಹೆಸರು, ಸಾವಿನ ಕಣ್ಣಿಗೆ ಬೀಳದಿರಲಿ ಅಂತ. ನಾಮಕರಣದ ದಿನ ಕೂಸಿಗಿಂತ ಮೊದಲು ಗುಂಡುಕಲ್ಲಿಗೆ ಸ್ನಾನ ಮಾಡಿಸಿ ತೊಟ್ಟಿಲಲ್ಲಿ ಮಲಗಿಸೋದು, ಕೂಸು ಕಲ್ಲಿನಂಗೆ ಗಟ್ಟಿಯಾಗಿರಲಿ ಅಂತ.

ಈ ಎಪಿಸೋಡಿಗೆ ಅಂತ ನಮ್ಮಜ್ಜಿ ಹಾಡು ರೆಕಾರ್ಡ್ ಮಾಡೋಕೆ ಹೋಗಿದ್ದೆ. ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿ. ಅಜ್ಜಿಗೆ ಎಂಬತ್ತು ದಾಟಿದೆ. ಮೈಕ್ ಮುಂದಿಟ್ಟು ‘ಅಜ್ಜಿ, ಒಂದು ಜೋಗುಳ ಹೇಳಜ್ಜಿ’ ಅಂದೆ. ಬಾಯಿ ತೆಗೀತು, ಮೊದಲ ಸಾಲಿಗೇ ನಿಂತೋಯ್ತು.

‘ಕೈ ಆಡ್ದೆ ಬಾಯಿ ಆಡಲ್ಲ ಕನಾ ಮಗ.’

ಅಟ್ಟದ ಮೇಲೆ ಹಳೇ ತೊಟ್ಟಿಲು ಇತ್ತು, ಇಳಿಸಿ ಕಟ್ಟಿದೆ. ಅಜ್ಜಿ ಮುಟ್ಟಲಿಲ್ಲ.

‘ಬರೀ ತೊಟ್ಲ ತೂಗ್ಬಾರ್ದು.’

ಆಮೇಲೆ ತಾನೇ ಎದ್ದೋಗಿ ಒರಳುಕಲ್ಲಿನ ಗುಂಡು ಇಟ್ಟಿರೋ ಜಾಗ ತೋರಿಸ್ತು. ಎತ್ತಿಕೊಂಡು ಬಂದು ತೊಟ್ಟಿಲಲ್ಲಿಟ್ಟೆ, ಅಜ್ಜಿ ಅದರ ಮೇಲೆ ಒಂದು ಹಳೇ ಟವೆಲ್ ಹೊದಿಸ್ತು. ತೂಗೋಕೆ ಶುರು ಮಾಡ್ತು. ಪದ ಒಂದಾದ ಮೇಲೊಂದು ಬಂತು. ಮಾದಪ್ಪ ಬಂದ, ತೆರಕಣಾಂಬಿ ಸಂತೆಯಿಂದ ಬರೋ ಸೋದರಮಾವ ಬಂದ, ಗೋಡೆಯಾಚೆ ಮಲಗಿರೋ ಅತ್ತೆಗೆ ಕೇಳಿಸಲಿ ಅಂತಲೇ ಹಾಕಿದ ಎರಡು ಮಾತು ಬಂತು. ‘ಎದ್ರುಗೆ ಹೇಳಕಾಯ್ತಿತ್ತಾ? ಕೂಸ್ಗೆ ಹೇಳ್ದಂಗೆ ಹೇಳದು’ ಅಂತ ಮಧ್ಯದಲ್ಲಿ ನಗಾಡ್ತು.

ಆಮೇಲೆ ಹಾಡಲ್ಲಿ ಒಂದು ಹೆಸರು ಬಂತು. ನಮ್ಮಪ್ಪನ ಹೆಸರಲ್ಲ, ಅತ್ತೆಯರದ್ದಲ್ಲ. ನಮ್ಮ ಮನೇಲಿ ಯಾರಿಗೂ ಇಲ್ಲದ ಹೆಸರು. ಎರಡು ಸಲ ಬಂತು.

ನಮ್ಮಪ್ಪನಿಗಿಂತ ಮುಂಚೆ ಒಬ್ಬ ಇದ್ನಂತೆ. ಒಂಬತ್ತು ತಿಂಗಳು ಬದುಕಿದ್ದ. ಜ್ವರ. ಅಪ್ಪನಿಗೆ ‘ಒಬ್ಬ ಹೋಗ್ಬುಟ್ಟ’ ಅನ್ನೋದಷ್ಟೇ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಅರವತ್ತು ವರ್ಷ ಮೀರಿದ ಮಾತು. ದೇಶಕ್ಕೆಲ್ಲ ಅನ್ವಯಿಸೋ ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದು 1969ರಲ್ಲಿ. ಅದಕ್ಕೂ ಮುಂಚಿನ ಆ ಕೂಸಿಗೆ ಮನೇಲಿ ಒಂದು ಚೀಟಿ ಇಲ್ಲ, ಫೋಟೋ ಇಲ್ಲ. ಮುಂದಿನ ಮಕ್ಕಳನ್ನೆಲ್ಲ ಅದೇ ಹಾಡಲ್ಲಿ ಮಲಗಿಸ್ತಾ ಆ ಹೆಸರನ್ನ ಹಾಗೇ ಬಿಟ್ಟಿದೆ ಅಜ್ಜಿ, ತೆಗೀಲಿಲ್ಲ. ಅಂದ್ರೆ ನನ್ನಪ್ಪ ತನ್ನ ಅಣ್ಣನ ಹೆಸರನ್ನ ದಿನಾ ರಾತ್ರಿ ಕೇಳಿದ್ದಾನೆ, ತಿಳಿಯೋ ವಯಸ್ಸು ಬರೋಕೆ ಮುಂಚೆ. ಆ ಹೆಸರು ಇಲ್ಲಿ ಹೇಳಲ್ಲ. ‘ಅದ ಹಾಕ್ಬೇಡ’ ಅಂತು ಅಜ್ಜಿ. ಹಾಗಾಗಿ ಹಾಡನ್ನೂ ನಿಮಗೆ ಕೇಳಿಸ್ತಿಲ್ಲ, ಬೈಬೇಡಿ.

ರೆಕಾರ್ಡಿಂಗ್ ಅಪ್ಪನ ಫೋನಿಗೆ ಕಳಿಸಿದೆ. ನೀಲಿ ಟಿಕ್ ಬಂತು. ಉತ್ತರ ಬಂದಿಲ್ಲ, ನಾನೂ ಕೇಳಿಲ್ಲ.

ಇನ್ನು ಇವತ್ತಿನ ಮಾತು. 2019ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲೆಲ್ಲ ಸಮಯ ಬಳಕೆಯ ಸಮೀಕ್ಷೆ ಮಾಡ್ತು. ಮನೆಯವರ ಆರೈಕೆಯಲ್ಲಿ, ಅಂದ್ರೆ ಕೂಸು, ವಯಸ್ಸಾದವರು, ಕಾಯಿಲೆಯವರು ಎಲ್ಲ ಸೇರಿ, ಆ ಕೆಲಸ ಮಾಡೋ ಹೆಂಗಸರು ಆಗ ದಿನಕ್ಕೆ 134 ನಿಮಿಷ ಕಳೀತಿದ್ರು, ಗಂಡಸರು 76. ಮನೆಗೆಲಸದಲ್ಲಿ ಹೆಂಗಸರು 299, ಗಂಡಸರು 97. ನಾವು ಕಾಮರ್ಸ್‌ನೋರು ಓದೋ ಯಾವ ಬ್ಯಾಲೆನ್ಸ್ ಶೀಟಲ್ಲೂ ಈ ನಿಮಿಷಗಳಿಗೆ ಕಾಲಂ ಇಲ್ಲ. ಜಿಡಿಪಿಯಲ್ಲೂ ಇಲ್ಲ. ತಮಾಷೆ ಏನು ಅಂದ್ರೆ, ಅದೇ ಜೋಗುಳವನ್ನ ಸ್ಟುಡಿಯೋದಲ್ಲಿ ಹಾಡಿ ಯೂಟ್ಯೂಬಿಗೆ ಹಾಕಿ, ಜಾಹೀರಾತು ಬಂದ ಕೂಡ್ಲೇ ಅದು ಜಿಡಿಪಿಗೆ ಸೇರುತ್ತೆ. ನಮ್ಮಕ್ಕನ ಮಗಳು ಫೋನಿನ ಲಾಲಿಗೆ ಕಣ್ಣು ಮುಚ್ಚೋ ಹೊತ್ತಿಗೆ ಸರಿಯಾಗಿ ಸಾಲದ ಆ್ಯಪಿನ ಜಾಹೀರಾತು ಕಿರುಚಿ ಎಬ್ಬಿಸಿದ್ದನ್ನ ನಾನೇ ನೋಡಿದ್ದೀನಿ.

ಅಕ್ಕನನ್ನ ಬೈಯೋಕೆ ನಂಗೆ ಮನಸ್ಸಿಲ್ಲ. 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 26 ವಾರ ಆಯ್ತು, 50 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತಾಯ್ತು. ಕೆಲಸದಲ್ಲಿರೋ ಅಕ್ಕನಿಗೆ ರಜೆಯಾದ್ರೂ ಸಿಕ್ತು. ಚೆಂಡುಹೂವಿನ ಹೊಲದಲ್ಲಿರೋಳಿಗೆ, ಶುಂಠಿ ಕೂಲಿಗೆ ಅಂತ ವಯನಾಡಿಗೆ ಜೀಪು ಹತ್ತೋಳಿಗೆ 26 ವಾರ ಯಾರು ಕೊಡ್ತಾರೆ? ಅವಳ ಹತ್ರ ಇರೋದು ಇವತ್ತಿಗೂ ಸೀರೆ, ಕೊಂಬೆ, ದನಿ. ಈಗ ಅವಳ ಹತ್ರಾನೂ ಒಂದು ಫೋನ್ ಇದೆ, ಹೊಲದಲ್ಲಿ ಸಿಗ್ನಲ್ ಇದ್ರೆ.

ಈಗ ಗಂಟೆ ಒಂಬತ್ತಾಗ್ತಾ ಬಂತು. ಕಾಡುಪ್ರಾಣಿಗಳಿಗೆ ತೊಂದರೆ ಆಗಬಾರದು ಅಂತ 2009ರಲ್ಲಿ ಶುರುವಾದ ರಾತ್ರಿ ಸಂಚಾರ ನಿಷೇಧದಿಂದ ಬಂಡೀಪುರದ ಗೇಟು ಒಂಬತ್ತಕ್ಕೆ ಮುಚ್ಚುತ್ತೆ, ಬೆಳಗ್ಗೆ ಆರಕ್ಕೆ ತೆಗೆಯುತ್ತೆ. ಗುಂಡ್ಲುಪೇಟೆ ಆಚೆ ಲಾರಿಗಳು ಸಾಲಾಗಿ ನಿಂತಿರುತ್ತವೆ. ಡ್ರೈವರ್‌ಗಳು ಮಲಯಾಳ, ತಮಿಳು, ಕನ್ನಡದಲ್ಲಿ ಮನೆಗೆ ವಿಡಿಯೋ ಕಾಲ್ ಮಾಡ್ತಾ ಕೂತಿರ್ತಾರೆ. ಹೋದ ತಿಂಗಳು ಅಲ್ಲಿ ಟೀ ಕುಡೀತಿದ್ದಾಗ ಒಬ್ಬ ಸ್ಟೀರಿಂಗ್ ಮೇಲೆ ಫೋನ್ ಒರಗಿಸಿಟ್ಟು ಏನೋ ಮೆಲ್ಲಗೆ ಗುನುಗ್ತಿದ್ದ. ಯಾವ ಭಾಷೆ ಅಂತ ದೂರಕ್ಕೆ ತಿಳೀಲಿಲ್ಲ, ಲಯ ಮಾತ್ರ ತಿಳೀತು.

ಮುಂದಿನ ಎಪಿಸೋಡಲ್ಲಿ ಚಿಕ್ಕಲ್ಲೂರು ಜಾತ್ರೆಗೆ ಹೋಗೋಣ, ರಾತ್ರಿಯಿಡೀ ಎದ್ದಿರೋ ಕಥೆಗೆ. ಇವತ್ತಿಗೆ ಇಷ್ಟು. ಫೋನ್ ಪಕ್ಕಕ್ಕಿಡಿ, ಮಲಗಿ.